ಮಾಸ್ತರ ಗಾಡಿ, ಅವ್ವನ ಕಿವಿ

ಮಾನ್ವಿಯ ನಮ್ಮ ಮನೆಯಲ್ಲಿ ಅಡುಗೆಮನೆಗೂ ಅಪ್ಪನ ಗ್ಯಾರೇಜಿಗೂ ನಡುವೆ ಇದ್ದದ್ದು ಒಂದೇ ಗೋಡೆ. ಮೊದಲು ಅದು ಪಡಸಾಲೆಯಾಗಿತ್ತಂತೆ. ಅಪ್ಪ ರಾಯಚೂರಿನಲ್ಲಿ ಕೆಲಸ ಕಲಿತು ಊರಿಗೆ ಮರಳಿದ ಮೇಲೆ ಬೀದಿ ಕಡೆಯ ಗೋಡೆ ಒಡೆಸಿ, ಅಗಲವಾದ ಬಾಗಿಲಿಡಿಸಿ, ಪಡಸಾಲೆಯನ್ನೇ ಗ್ಯಾರೇಜು ಮಾಡಿಕೊಂಡಿದ್ದ. ಮನೆಗೆ ಬಂದ ಬೀಗರು ನೆಂಟರೆಲ್ಲ ಬಿಚ್ಚಿಟ್ಟ ಮೋಟಾರ್ ಸೈಕಲ್ಲುಗಳ ನಡುವೆ ಸೀರೆ, ಧೋತರ ಎತ್ತಿ ಹಿಡಿದುಕೊಂಡು ಒಳಗೆ ಬರಬೇಕಾಗುತ್ತಿತ್ತು. ಫರ್ಸಿ ಕಲ್ಲಿನ ನೆಲ ವರ್ಷಗಟ್ಟಲೆ ಎಣ್ಣೆ ಕುಡಿದು ಕಪ್ಪಾಗಿತ್ತು. ನಮ್ಮ ಮನೆಯ ರೊಟ್ಟಿ ಪೆಟ್ರೋಲು ನಾರುತ್ತದೆ ಎಂದು ಬಾಗಲವಾಡದ ನನ್ನ ಸೋದರಮಾವ ಬಂದಾಗೆಲ್ಲ ಹೇಳುತ್ತಿದ್ದ, ಹೇಳುತ್ತಲೇ ನಾಲ್ಕು ರೊಟ್ಟಿ ತಿನ್ನುತ್ತಿದ್ದ. ಗೋಡೆಯ ಮೇಲ್ಭಾಗದಲ್ಲಿ ಒಂದು ಬೆಳಕಿಂಡಿ ಇತ್ತು. ಅದರಿಂದ ಅಡುಗೆಮನೆಯ ಹೊಗೆ ಆಚೆ ಹೋಗುತ್ತಿತ್ತು, ಗ್ಯಾರೇಜಿನ ಸಪ್ಪಳ ಈಚೆ ಬರುತ್ತಿತ್ತು. ಅವ್ವ ಆ ಸಪ್ಪಳದಲ್ಲೇ ಹದಿನೈದು ವರ್ಷ ರೊಟ್ಟಿ ಬಡಿದವಳು. ಗಿರಾಕಿ ಇದ್ದಾಗ ಗ್ಯಾರೇಜಿನಲ್ಲಿ ಕಾಲಿಟ್ಟವಳಲ್ಲ. ಆದರೆ ಬೀದಿಯ ತಿರುವಿನಲ್ಲಿ ಗಾಡಿ ಬರುವಾಗಲೇ, ಹಿಟ್ಟಿನ ಕೈ ನಿಲ್ಲಿಸದೆ, ಬಂದವರು ಯಾರೆಂದು ಹೇಳಿಬಿಡುತ್ತಿದ್ದಳು.

ಊರ ಮಂದಿಗೆ ಮಾತ್ರ ಕಿವಿ ಎಂದರೆ ಅಪ್ಪನದು. ಬಸಣ್ಣ ಮಿಸ್ತ್ರಿ ಗಾಡಿಗೆ ಕೈ ಹಚ್ಚುವ ಮೊದಲು ಅದರ ಮಾತು ಕೇಳಿಸಿಕೊಳ್ಳುತ್ತಾನೆ ಎಂದು ಸಿರವಾರ, ಕವಿತಾಳದ ಕಡೆಯವರೂ ಹುಡುಕಿಕೊಂಡು ಬರುತ್ತಿದ್ದರು. ಗಾಡಿ ಚಾಲೂ ಮಾಡಿ, ಕಣ್ಣು ಮುಚ್ಚಿ, ತಲೆ ಸ್ವಲ್ಪ ವಾರೆ ಮಾಡಿ ನಿಲ್ಲುತ್ತಿದ್ದ. ಆಮೇಲೆ ಸ್ಕ್ರೂಡ್ರೈವರ್ ತೆಗೆದುಕೊಂಡು ಕಾರ್ಬೊರೇಟರಿನ ಒಂದು ಸ್ಕ್ರೂವನ್ನು ಕಾಲು ಸುತ್ತು ತಿರುಗಿಸುತ್ತಿದ್ದ. ಅಷ್ಟಕ್ಕೇ ಗೊಗ್ಗರಿಸುತ್ತಿದ್ದ ಎಂಜಿನ್ ಹೊಟ್ಟೆ ತುಂಬಿದ ಕೂಸಿನಂತೆ ಸುಮ್ಮನಾಗುತ್ತಿತ್ತು. ನಾನು ಪಕ್ಕದಲ್ಲಿ ನಿಂತು ಅವನಂತೆಯೇ ತಲೆ ವಾರೆ ಮಾಡುತ್ತಿದ್ದೆ. ನನಗಾಗ ಹನ್ನೊಂದು ವರ್ಷ. ಒಬ್ಬಳೇ ಮಗಳು. ಅಪ್ಪನಿಗೆ ತಿಳಿಯದ್ದು ಲೋಕದಲ್ಲಿ ಏನಾದರೂ ಇದ್ದೀತು ಎಂದು ನನಗೆ ಅನಿಸಿರಲಿಲ್ಲ.

ಅದು ಅನಿಸಿದ್ದು ಒಂದು ಸೋಮವಾರ ಬೆಳಿಗ್ಗೆ. ಅಪ್ಪ ಜಳಕ ಮಾಡಿ, ಹಣೆಗೆ ವಿಭೂತಿ ಹಚ್ಚಿ, ದೇವರ ಜಗುಲಿಯ ಮುಂದೆ ಕುಳಿತು ಪೂಜೆ ಮಾಡುತ್ತಿದ್ದ. ಎಡಗೈಯಲ್ಲಿ ಚಿಕ್ಕ ಗಂಟೆ ಬಾರಿಸುತ್ತಿದ್ದ, ಆದರೆ ಸಪ್ಪಳವೇ ಇಲ್ಲ. ನೋಡಿದರೆ ಗಂಟೆಯ ನಾಲಗೆ ಕಳಚಿ ನೆಲದ ಮೇಲೆ ಬಿದ್ದಿತ್ತು. ಅವನು ಅದೇ ಲಯದಲ್ಲಿ, ಅದೇ ಭಕ್ತಿಯಿಂದ, ಮಂಗಳಾರತಿ ಮುಗಿಯುವವರೆಗೂ ಆ ಖಾಲಿ ಗಂಟೆಯನ್ನು ಅಲ್ಲಾಡಿಸುತ್ತಲೇ ಇದ್ದ. ನಾನು ಕಿಸಕ್ಕನೆ ನಕ್ಕೆ. ಅಪ್ಪ ತಿರುಗಿ ನೋಡಲಿಲ್ಲ. ನನ್ನ ನಗೆಯೂ ಅವನಿಗೆ ಕೇಳಿಸಿರಲಿಲ್ಲ. ಹಿಂದಿನಿಂದ ಬಂದ ಅವ್ವ ನನ್ನ ಬಾಯಿ ಮುಚ್ಚಿ ಅಡುಗೆಮನೆಗೆ ಎಳೆದುಕೊಂಡು ಹೋದಳು.

"ಹೊರಗ ಯಾರ ಮುಂದೂ ಅನಬ್ಯಾಡ ಬೇ. ನಿಮ್ಮಪ್ಪಗೂ ಅನಬ್ಯಾಡ."

"ಅಪ್ಪಗ ಕೇಳ್ಸಂಗಿಲ್ಲೇನು?"

"ದೊಡ್ಡ ಸಪ್ಪಳ ಕೇಳಸ್ತದ. ಸಣ್ಣದು ಕೇಳಸಂಗಿಲ್ಲ. ಅವರಿಗೂ ಗೊತ್ತದ, ನನಗೂ ಗೊತ್ತದ. ಗೊತ್ತದ ಅಂತ ಒಬ್ಬರಿಗೊಬ್ಬರು ಅಂದಿಲ್ಲ, ಅಷ್ಟ."

ಮಧ್ಯಾಹ್ನದ ಹೊತ್ತಿಗೆ ಅವ್ವ ಯಾರಿಗೂ ಹೇಳದೆ ಗಂಟೆಯ ನಾಲಗೆಗೆ ತಂತಿ ಸುತ್ತಿ ಸರಿಮಾಡಿಟ್ಟಿದ್ದಳು. ಆಮೇಲೆ ನಾನು ಗಮನಿಸತೊಡಗಿದೆ. ಗಿರಾಕಿಗಳು ಮೆಲ್ಲಗೆ ಏನಾದರೂ ಹೇಳಿದರೆ ಅಪ್ಪ ಅವರ ಬಾಯಿಯನ್ನೇ ನೋಡುತ್ತಿದ್ದ. ನಾನು ಕರೆದರೆ, ಬಾಯಲ್ಲಿ ಏನಿಟ್ಟುಕೊಂಡು ಮಾತಾಡುತ್ತಿ ಎಂದು ಸಿಡುಕುತ್ತಿದ್ದ. ಊಟಕ್ಕೆ ಅವ್ವ ಕೂಗುವುದನ್ನು ಬಿಟ್ಟು, ಬಂದು ಅವನ ಎದುರಿಗೆ ನಿಲ್ಲುತ್ತಿದ್ದಳು. ಕಲ್ಲಿನ ಕೋಣೆಯಲ್ಲಿ ಅಷ್ಟು ವರ್ಷ ಎಂಜಿನ್‌ಗಳ ಅಬ್ಬರಕ್ಕೆ ಕಿವಿ ಕೊಟ್ಟವನು ಆ ಕಿವಿಯನ್ನೇ ಸ್ವಲ್ಪ ಸ್ವಲ್ಪವಾಗಿ ಕೊಟ್ಟುಬಿಟ್ಟಿದ್ದ. ಆದರೂ ಗಾಡಿಗಳ ಕೆಲಸ ನಡೆದೇ ಇತ್ತು. ಕೈಗೆ ಅಭ್ಯಾಸವಿತ್ತು, ಮಂದಿಗೆ ನಂಬಿಕೆ ಇತ್ತು.

ಹಾಗಿರುವಾಗ ದೇವದುರ್ಗದಿಂದ ಹುಲಿಗೆಪ್ಪ ಮಾಸ್ತರು ಬಂದರು. ಹೈಸ್ಕೂಲಿನಲ್ಲಿ ಗಣಿತ ಹೇಳುತ್ತಿದ್ದ, ಇಸ್ತ್ರಿಯ ಅಂಗಿಯ ಜೇಬಿನಲ್ಲಿ ಯಾವಾಗಲೂ ಎರಡು ಪೆನ್ನು ಇಟ್ಟುಕೊಳ್ಳುತ್ತಿದ್ದ ಮೆಲುಮಾತಿನ ಮನುಷ್ಯ. ಅವರಲ್ಲಿ ಎರಡು ಸಿಲಿಂಡರಿನ ಹಳೆಯ ಗಾಡಿಯೊಂದಿತ್ತು. ಎರಡು ಸಿಲಿಂಡರಿಗೆ ಎರಡು ಕಾರ್ಬೊರೇಟರು, ಎರಡು ಸೈಲೆನ್ಸರು. ಸುತ್ತಲಿನ ಊರುಗಳಲ್ಲಿ ಅಂಥದು ಇನ್ನೊಂದಿರಲಿಲ್ಲ. ಗಾಡಿಯ ಜೊತೆಗೆ ಬಂದಿದ್ದ ಸೈಲೆನ್ಸರುಗಳು ಜಂಗು ತಿಂದು ತೂತಾಗಿದ್ದವು. ಅಂಥವು ಮತ್ತೆ ಸಿಗದೆ, ಹೈದರಾಬಾದಿನಲ್ಲಿ ಯಾರೋ ಕೈಯಿಂದ ಮಾಡಿದ, ನಡುವೆ ಹೊಟ್ಟೆ ಉಬ್ಬಿದ ಜೋಡಿಯೊಂದನ್ನು ಹಾಕಿಸಿಕೊಂಡು ಬಂದಿದ್ದರು. ಹಾಕಿದಂದಿನಿಂದ ಗಾಡಿ ಒಮ್ಮೆ ಜಿಗಿಯುತ್ತಿತ್ತು, ಒಮ್ಮೆ ಕೆಮ್ಮುತ್ತಿತ್ತು. ಹಿಂದಿನ ಸೀಟಿನಲ್ಲಿ ಅವರ ಹೆಂಡತಿ ಶರಣಮ್ಮ ಎರಡೂ ಕೈ ತುಂಬ ಹಸಿರು ಬಳೆ ತೊಟ್ಟು ಕುಳಿತಿದ್ದರು.

ಹೊಸ ಸೈಲೆನ್ಸರ್ ಹಾಕಿದರೆ ಕಾರ್ಬೊರೇಟರಿನ ತಂಟೆಗೆ ಯಾಕೆ ಹೋಗಬೇಕು ಎಂದು ನಾನು ಕೇಳಿದ್ದಕ್ಕೆ ಅಪ್ಪ ಅವ್ವ ಹಿಟ್ಟು ನಾದುವ ಕೊಣಮಿಗೆಯ ಕಡೆ ಕೈ ತೋರಿಸಿದ್ದ. ಹಿಟ್ಟು ಹೆಚ್ಚು ಹಾಕಿದರೆ ನೀರೂ ಹೆಚ್ಚು ಹಾಕಬೇಕಲ್ಲ, ಹಾಗೆ. ಹೊಸ ಸೈಲೆನ್ಸರಿನಲ್ಲಿ ಹೊಗೆ ಸಲೀಸಾಗಿ ಹೊರಗೆ ಹೋಗುತ್ತದೆ, ಅಷ್ಟೇ ಸಲೀಸಾಗಿ ಗಾಳಿ ಒಳಗೆ ಬರುತ್ತದೆ. ಆ ಗಾಳಿಗೆ ತಕ್ಕಷ್ಟು ಪೆಟ್ರೋಲು ಸಿಗದಿದ್ದರೆ ಎಂಜಿನ್ ಒಳಗೊಳಗೇ ಸುಡುತ್ತದೆ. ಪೆಟ್ರೋಲು ಬರುವುದು ಜೆಟ್ ಎಂಬ ಹಿತ್ತಾಳೆಯ ಸಣ್ಣ ಮೊಳೆಯಂಥದ್ದರ ತೂತಿನಿಂದ. ತೂತು ಕೂದಲೆಳೆಯಷ್ಟು ದೊಡ್ಡದಾದರೂ ಸಾಕು, ಲೆಕ್ಕ ಬದಲಾಗುತ್ತದೆ. ಅಪ್ಪ ತನ್ನ ಡಬ್ಬಿಯಲ್ಲಿದ್ದ ಸ್ವಲ್ಪ ದೊಡ್ಡ ಜೆಟ್ಟುಗಳನ್ನು ಹಾಕಿ, ಕಣ್ಣು ಮುಚ್ಚಿ, ತಲೆ ವಾರೆ ಮಾಡಿ ನಿಂತ. ಆಮೇಲೆ ಗಾಡಿ ಹತ್ತಿ ನಮ್ಮ ಮನೆಯ ಮುಂದಿನ ಏರಿನಲ್ಲಿ ಜೋರಾಗಿ ಒಂದು ಸುತ್ತು ಹೊಡೆದು ಬಂದ. ಭಾಳ ಚಂದ ಅದ, ಹೋಗಿ ಬರ್ರಿ ಎಂದ. ಮಾಸ್ತರು ಕೈಮುಗಿದು ಹೊರಟರು. ನಾನು ಒಳಗೆ ಬಂದಾಗ ಅವ್ವನ ಕೈಯಲ್ಲಿನ ರೊಟ್ಟಿ ಅರ್ಧಕ್ಕೇ ನಿಂತಿತ್ತು. ಅವಳು ಬೆಳಕಿಂಡಿಯನ್ನೇ ನೋಡುತ್ತಿದ್ದಳು. ಏನೆಂದು ಕೇಳಿದರೆ ಏನಿಲ್ಲ ಎಂದಳು.

ಮೂರನೆಯ ದಿನ ಆ ಗಾಡಿ ಟ್ರ್ಯಾಕ್ಟರಿನ ಟ್ರೇಲರಿನಲ್ಲಿ ಮಲಗಿಕೊಂಡು ಬಂತು. ತಂದ ಡ್ರೈವರ್ ಹೇಳಿದ: ದೇವದುರ್ಗ ಇನ್ನು ನಾಲ್ಕೈದು ಮೈಲಿ ಇರುವಾಗ, ಜೋರಾಗಿ ಹೋಗುತ್ತಿದ್ದ ಎಂಜಿನ್ ಒಮ್ಮೆಲೇ ಜಾಮ್ ಆಗಿ, ಹಿಂದಿನ ಗಾಲಿ ತಿರುಗುವುದೇ ನಿಂತು, ಇಬ್ಬರೂ ರಸ್ತೆಗೆ ಬಿದ್ದರಂತೆ. ಮಾಸ್ತರಿಗೆ ಮೊಣಕಾಲು ತರಚಿದೆ. ಶರಣಮ್ಮನವರ ಬಲಗೈ ಮುರಿದಿದೆ, ರಾಯಚೂರಿಗೆ ಒಯ್ದಿದ್ದಾರೆ. ಎಲ್ಲ ಆ ಹೈದರಾಬಾದ್ ಸೈಲೆನ್ಸರಿನ ಪುಣ್ಯ ಎಂದು ಡ್ರೈವರ್ ಬೈದ. ಸುತ್ತ ನೆರೆದವರೂ ಹೌದೆಂದರು. ಅಪ್ಪ ಎಲ್ಲರೂ ಹೋದ ಮೇಲೆ ಅಗಲ ಬಾಗಿಲು ಮುಚ್ಚಿಕೊಂಡು ಎಂಜಿನ್ ಬಿಚ್ಚಿದ. ಎಡಗಡೆಯ ಪಿಸ್ಟನ್ನಿನ ಮೈಮೇಲೆ ಉಗುರಿನಿಂದ ಕೆರೆದಂಥ ಗೀರುಗಳು. ಎಡಗಡೆಯ ಪ್ಲಗ್ಗಿನ ತುದಿ ಸುಣ್ಣ ಹಚ್ಚಿದಂತೆ ಬೆಳ್ಳಗಿತ್ತು. ಪೆಟ್ರೋಲು ಸಾಲದೆ ಸುಟ್ಟ ಎಂಜಿನ್ನಿನ ಗುರುತು ಅದು. ಹಾಗೆ ಸುಡುವ ಎಂಜಿನ್ ಮೊದಲೇ ಸಣ್ಣ ಸಪ್ಪಳ ಮಾಡಿ ಹೇಳುತ್ತದೆ. ತಪ್ಪು ಸೈಲೆನ್ಸರಿನದಲ್ಲ, ತಾನು ಹಾಕಿದ ಜೆಟ್ಟಿನದು ಎಂಬುದಕ್ಕೆ ಅಪ್ಪನಿಗೆ ಬೇರೆ ಸಾಕ್ಷಿ ಬೇಕಿರಲಿಲ್ಲ.

ಆ ಪ್ಲಗ್ಗನ್ನು ಅಂಗೈಯಲ್ಲಿಟ್ಟುಕೊಂಡು ಅವನು ಅಡುಗೆಮನೆಗೆ ಬಂದು ಅವ್ವನ ಎದುರಿಗೆ, ನೆಲದ ಮೇಲೆ ಕುಳಿತ. ಕೆಲಸದ ಬಟ್ಟೆಯಲ್ಲಿ ಅವನು ಅಲ್ಲಿಗೆ ಬಂದದ್ದನ್ನು ನಾನು ನೋಡಿದ್ದು ಅದೇ ಮೊದಲು.

"ಏರಿನ್ಯಾಗ ಗಾಡಿ ಹೊಡದಾಗ ಸಪ್ಪಳ ಬಂದಿತ್ತೇನು?" ಎಂದು ಕೇಳಿದ.

ಅವ್ವ ಒಲೆಯ ಕಟ್ಟಿಗೆ ಹಿಂದಕ್ಕೆಳೆದಳು.

"ಬಂದಿತ್ರೀ. ಕಿಣಿ ಕಿಣಿ ಅಂತಿತ್ತು. ಸಣ್ಣಗ."

"ಕೇಳಿದ್ರ ಯಾಕ ಹೇಳಲಿಲ್ಲ?"

"ಮಂದಿ ಮುಂದ ಹ್ಯಾಂಗ ಹೇಳಲಿ? ಮಾಸ್ತರು ನಿಂತಿದ್ರು. ಒಳಗ ಕೂತ ಹೆಣ್ಣಮಗಳು ಮಿಸ್ತ್ರಿಗೆ ತಪ್ಪು ತೋರಸ್ತಾಳ ಅಂದ್ರ ನಿಮ್ಮ ಮರ್ಯಾದಿ ಏನಾಗ್ತಿತ್ತು?"

"ನನ್ನ ಮರ್ಯಾದಿಗೆ ಆ ತಾಯಿ ಕೈ ಮುರೀತಲ್ಲ ಶಾಂತಾ!"

ಅಪ್ಪ ಕೂಗಿದ್ದು ಬೀದಿಗೂ ಕೇಳಿಸಿರಬೇಕು. ತಾನೆಷ್ಟು ಜೋರಾಗಿ ಮಾತಾಡುತ್ತೇನೆ ಎಂಬುದೂ ಅವನಿಗೀಗ ತಿಳಿಯುತ್ತಿರಲಿಲ್ಲ. ಅವ್ವ ಸೆರಗಿನಿಂದ ಮುಖ ಮುಚ್ಚಿಕೊಂಡಳು. ಅಪ್ಪ ಎದ್ದು ಹೋಗುತ್ತಾನೆ ಎಂದುಕೊಂಡೆ, ಹೋಗಲಿಲ್ಲ. ಅಲ್ಲೇ ಗೋಡೆಗೊರಗಿ ಅಂದ:

"ನಿಂದೇನು ತಪ್ಪಿಲ್ಲ. ಮೊದಲ ನಾ ಹೇಳಬೇಕಿತ್ತು. ಕೇಳ್ಸಂಗಿಲ್ಲ ಅಂತ ನನ್ನ ಬಾಯಿಲೆ ನಾ ಹೇಳಬೇಕಿತ್ತು."

ಆ ದಿನ ನಮ್ಮ ಮನೆಯಲ್ಲಿ ಯಾರೂ ಸರಿಯಾಗಿ ಉಣ್ಣಲಿಲ್ಲ. ಪುಂಡಿಪಲ್ಯ ಗಡಿಗೆಯಲ್ಲೇ ಉಳಿಯಿತು. ನಾನು ಮೂಲೆಯಲ್ಲಿ ಕುಳಿತು ಗಂಟೆಯ ದಿನ ನಕ್ಕದ್ದನ್ನು ನೆನೆಸಿಕೊಂಡು ಅತ್ತೆ. ಆಮೇಲೆ ಅಪ್ಪನೇ ಬಂದು ನನ್ನನ್ನು ಎತ್ತಿ ಹಾಸಿಗೆಗೆ ಹಾಕಿದ. ಅವನ ಅಂಗಿಯ ಪೆಟ್ರೋಲಿನ ವಾಸನೆಯಲ್ಲಿ ನಿದ್ದೆಹೋದೆ.

ಎಂಟು ದಿನ ಗ್ಯಾರೇಜಿನ ಬಾಗಿಲು ತೆರೆಯಲಿಲ್ಲ. ಒಂಬತ್ತನೆಯ ದಿನ ಮಾಸ್ತರು ಬಸ್ಸಿನಲ್ಲಿ ಬಂದರು. ಕುಂಟುತ್ತಿದ್ದರು. ಜೊತೆಗೆ ಶರಣಮ್ಮ, ಬಲಗೈಗೆ ಪ್ಲಾಸ್ಟರ್. ಅವ್ವ ಅವರಿಗೆ ಒಳಗೆ ಕಂಬಳಿ ಹಾಸಿ ಕೂರಿಸಿದಳು. ಚಹಾ ಕೊಟ್ಟು ತಾನೂ ಪಕ್ಕದಲ್ಲಿ ಕುಳಿತಳು. ಜಗಳಕ್ಕೆ ಬಂದಿದ್ದಾರೆಂದು ನಾವು ಮೂವರೂ ತಿಳಿದಿದ್ದೆವು. ಮಾಸ್ತರು ಬಶಿಯಲ್ಲಿ ಚಹಾ ಹುಯ್ದುಕೊಂಡು, ತಪ್ಪು ಮಾಡಿದವರ ದನಿಯಲ್ಲಿ ಹೇಳಿದರು:

"ನಂದ ತಪ್ಪು ಮಿಸ್ತ್ರಿ. ಸಿಕ್ಕಿದ್ದು ತಂದು ಹಾಕಿಸಿಬಿಟ್ಟೆ. ಆ ಸೈಲೆನ್ಸರ್ ತಗದು ಒಗೀರಿ. ಗಾಡಿ ಮಾತ್ರ ನೀವ ಮಾಡಿಕೊಡ್ರಿ. ಬ್ಯಾರೆಯವರ ಕೈಯಾಗ ಕೊಡೂದಿಲ್ಲ ನಾ."

ಹೌದು ಎಂದುಬಿಟ್ಟಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಊರೆಲ್ಲ ಅದನ್ನೇ ಹೇಳುತ್ತಿತ್ತು, ಈಗ ಗಾಡಿಯ ಒಡೆಯನೂ ಹೇಳುತ್ತಿದ್ದ. ಅಪ್ಪ ಅವ್ವನ ಮುಖ ನೋಡಿದ. ಆಮೇಲೆ ಮಾಸ್ತರ ಕಡೆಗಲ್ಲ, ಶರಣಮ್ಮನವರ ಕಡೆಗೆ ತಿರುಗಿ ಕೈಮುಗಿದ.

"ತಪ್ಪು ಸೈಲೆನ್ಸರ್‌ದಲ್ರೀ ಅಕ್ಕೋರ. ನಂದು. ನನಗ ಸಣ್ಣ ಸಪ್ಪಳ ಕೇಳ್ಸಂಗಿಲ್ಲ. ಎರಡು ವರ್ಷಾತು, ಯಾರಿಗೂ ಹೇಳಿಲ್ಲ. ಕೇಳ್ದಂಗ ಮಾಡಿ ಗಾಡಿ ಕೊಟ್ಟುಬಿಟ್ಟೆ."

ಮಾಸ್ತರ ಬಶಿ ಕೈಯಲ್ಲೇ ಉಳಿಯಿತು. ಆಗ ಶರಣಮ್ಮ ಗಂಡನ ಕಡೆ ನೋಡಿ ಹೇಳಿದ ಮಾತನ್ನು ನಾನು ಇಂದಿಗೂ ಅವರದೇ ದನಿಯಲ್ಲಿ ಕೇಳಬಲ್ಲೆ.

"ನಾ ಏನು ಹೇಳಿದ್ದೆ ನಿಮಗ? ಕಿಣಿ ಕಿಣಿ ಅಂತದ ಅಂದಿದ್ನಿಲ್ಲ? ನನ್ನ ಕೈಯಾಗಿನ ಬಳಿ ಸಪ್ಪಳ ಅಂದ್ರಿ ನೀವು. ನಾನೂ ಅದ ಇರಬೇಕಂತ ಬಳಿ ಎಲ್ಲಾ ಮ್ಯಾಲ ಸರಸ್ಗೊಂಡು ಕೂತೆ. ಆದ್ರೂ ಅಂತಿತ್ತು."

ಮಾಸ್ತರು ತಲೆ ತಗ್ಗಿಸಿದರು. ಅವ್ವ ತಡೆಯಲಾಗದೆ, ನನಗೂ ಕೇಳಿತ್ತು, ನಾನೂ ಬಾಯಿ ಬಿಡಲಿಲ್ಲ ಎಂದು ಹೇಳಿ ಅತ್ತುಬಿಟ್ಟಳು. ಶರಣಮ್ಮ ಎಡಗೈ ಚಾಚಿ ಅವಳ ಮೊಣಕಾಲ ಮೇಲಿಟ್ಟರು. ಬಿದ್ದವರು ಅವರು, ಸಮಾಧಾನ ಮಾಡಿದವರೂ ಅವರೇ. ಎದ್ದು ಹೋಗುವ ಮುಂಚೆ ಅಪ್ಪನಿಗೆ ಎದುರಾಗಿ ನಿಂತು, ತುಟಿ ಕಾಣುವಂತೆ ಬಿಡಿಸಿ ಬಿಡಿಸಿ ಹೇಳಿದರು:

"ಗಾಡಿ ನೀವ ಮಾಡ್ರಿ. ಆದ್ರ ಈ ಸಲ ನಿಮ್ಮ ಮನಿಯವರನ್ನ ಕೂಡಿಸ್ಗೊಂಡು ಮಾಡ್ರಿ."

ಮುಂದೆ ನಾನು ನರ್ಸಾಗಿ ರಾಯಚೂರಿನಲ್ಲಿ ಮೂವತ್ತು ವರ್ಷ ಕೆಲಸ ಮಾಡಿದೆ. ರೋಗಿಯ ಮನಸ್ಸು ನೋಯಬಾರದೆಂದು ಮನೆಯವರು ಮುಚ್ಚಿಡುವುದನ್ನು, ಮನೆಯವರು ಅಂಜಬಾರದೆಂದು ರೋಗಿ ಮುಚ್ಚಿಡುವುದನ್ನು ದಿನವೂ ನೋಡಿದೆ. ಎರಡೂ ಪ್ರೀತಿಯೇ. ಆದರೂ ಅಂಥ ಹೊತ್ತಿನಲ್ಲಿ ನನಗೆ ಸುಮ್ಮನಿರಲು ಬರುತ್ತಿರಲಿಲ್ಲ. ಎದುರಿಗೆ ಕುಳಿತು ಮೆಲ್ಲಗೆ ಹೇಳಿಬಿಡುತ್ತಿದ್ದೆ. ಕಟುಕಿ ಎಂದವರೂ ಇದ್ದಾರೆ. ಅವರಿಗೆ ಆ ಕಂಬಳಿಯ ಮೇಲೆ ಕುಳಿತಿದ್ದ ನಾಲ್ವರ ಕಥೆ ಹೇಗೆ ಹೇಳುವುದು?

ಮಾಸ್ತರು ಬಂದುಹೋದ ಮೇಲೆ, ಗಾಡಿಯ ಸಾಮಾನು ತರಲು ಅಪ್ಪನ ಜೊತೆ ನಾನೂ ರಾಯಚೂರಿಗೆ ಹೋದೆ. ಸಿಲಿಂಡರ್ ಕೊರೆಸಿ, ಅದಕ್ಕೆ ಹೊಂದುವ ಹೊಸ ಪಿಸ್ಟನ್ ತೆಗೆದುಕೊಂಡು, ತೀನ್ ಕಂದೀಲ್ ಬಳಿಯ ಅಂಗಡಿಯೊಂದರಲ್ಲಿ ಜೆಟ್ ಹುಡುಕಿದೆವು. ಅಂಗಡಿಯವನ ಮಾತು ಅರ್ಥವಾಗದಾಗ ಅಪ್ಪ ಮೊದಲಿನಂತೆ ಸುಮ್ಮನೆ ತಲೆಯಾಡಿಸಲಿಲ್ಲ. ಕಿವಿ ಮುಟ್ಟಿ ತೋರಿಸಿ, ಜೋರಾಗಿ ಹೇಳ್ರಿ ಎಂದ. ಹೇಳುವಾಗ ಅವನ ಕಿವಿಯ ತುದಿ ಕೆಂಪಾಗಿತ್ತು. ಜೆಟ್ಟಿನ ತಲೆಯ ಮೇಲೆ ಕೆತ್ತಿದ ಇರುವೆಯಂಥ ಅಂಕಿಗಳನ್ನು ಓದುವ ಕೆಲಸ ನನ್ನದು. ಒಂದಕ್ಕಿಂತ ಒಂದು ದೊಡ್ಡ ತೂತಿನ ನಾಲ್ಕು ಜೋಡಿ ತಂದೆವು.

ಎಂಜಿನ್ ಕೂಡಿಸಿದ ದಿನ ಅವ್ವ ಮೊದಲ ಸಲ ಕೆಲಸ ನಡೆಯುವಾಗಲೇ ಗ್ಯಾರೇಜಿಗೆ ಬಂದು ನಿಂತಳು. ಮೊದಲು ಎರಡೂ ಕಾರ್ಬೊರೇಟರುಗಳನ್ನು ಜೊತೆ ಮಾಡಬೇಕಿತ್ತು. ಎಕ್ಸಲೇಟರ್ ತಿರುವಿದಾಗ ಎರಡೂ ಒಂದೇ ಸಲ, ಒಂದೇ ಅಳತೆಗೆ ತೆರೆಯಬೇಕು. ಅಪ್ಪ ನನ್ನನ್ನು ಗಾಡಿಯ ಹಿಂದೆ ಕುಕ್ಕರುಗಾಲಲ್ಲಿ ಕೂರಿಸಿ, ಎರಡು ಸೈಲೆನ್ಸರಿನ ಬಾಯಿಗೆ ಒಂದು ಗೇಣು ದೂರದಲ್ಲಿ ಎರಡು ಅಂಗೈ ಹಿಡಿಯಲು ಹೇಳಿದ. ಬಿಸಿ ಹೊಗೆ ಅಂಗೈಗೆ ಪುಸು ಪುಸು ಬಡಿಯುತ್ತಿತ್ತು. ಯಾವುದು ಜೋರು ಎಂದು ನಾನು ಕೈ ಎತ್ತಿ ತೋರಿಸಬೇಕು. ಬಲಗೈ ಎತ್ತಿದೆ. ಅಪ್ಪ ಕೇಬಲ್ಲಿನ ನಟ್ಟು ಸ್ವಲ್ಪ ತಿರುಗಿಸಿದ. ಎಡಗೈ ಎತ್ತಿದೆ. ಮತ್ತೆ ಹಿಂದಕ್ಕೆ ತಿರುಗಿಸಿದ. ಎರಡೂ ಅಂಗೈಗೆ ಒಂದೇ ಸಮ ಬಡಿಯತೊಡಗಿದಾಗ ಎರಡೂ ಕೈ ಎತ್ತಿ ಕೂಗಿದೆ. ಅವ್ವನೂ ಬಾಗಿಲ ಬಳಿ ನಿಂತು ಹೂಂ ಎಂದಳು. ಎಣ್ಣೆಯ ಹೊಗೆಯಿಂದ ಕಪ್ಪಾದ ಅಂಗೈಗಳನ್ನು ಆ ದಿನವೆಲ್ಲ ನಾನು ತೊಳೆದುಕೊಳ್ಳಲಿಲ್ಲ.

ಜೆಟ್ ಸರಿಯಿದೆಯೋ ಇಲ್ಲವೋ ನಿಂತ ಗಾಡಿಯಲ್ಲಿ ತಿಳಿಯುವುದಿಲ್ಲ. ಜೋರಾಗಿ ಓಡಿಸಿ, ಓಡುತ್ತಿರುವಾಗಲೇ ಕ್ಲಚ್ ಹಿಡಿದು ಎಂಜಿನ್ ಬಂದ್ ಮಾಡಿ, ಪ್ಲಗ್ ಬಿಚ್ಚಿ ಬಣ್ಣ ನೋಡಬೇಕು. ಬೆಳ್ಳಗಿದ್ದರೆ ಪೆಟ್ರೋಲು ಕಡಿಮೆ, ಮಸಿಯಾಗಿದ್ದರೆ ಹೆಚ್ಚು. ಹುರಿದ ಶೇಂಗಾದ ಸಿಪ್ಪೆಯ ಬಣ್ಣ ಬಂದರೆ ಸರಿ. ಹಿಂದಿನ ಸಲ ಅಪ್ಪ ತನ್ನ ಕಿವಿಯ ಮೇಲಿನ ಹಟಕ್ಕೆ ಇದನ್ನು ಮಾಡಿರಲಿಲ್ಲ. ಈ ಸಲ ಸಿಂಧನೂರು ರಸ್ತೆಯಲ್ಲಿ, ಕಾಲುವೆ ದಾಟಿದ ಮೇಲಿನ ನೇರ ದಾರಿಯಲ್ಲಿ, ನನ್ನನ್ನು ಬೇವಿನ ಮರದ ಕೆಳಗೆ ಪ್ಲಗ್ ಬಿಚ್ಚುವ ಪಾನ ಮತ್ತು ನೀರಿನ ತಂಬಿಗೆ ಕೊಟ್ಟು ನಿಲ್ಲಿಸಿದರು. ಅವ್ವ ಸೆರಗು ಬಿಗಿದು ನಡುವಿಗೆ ಸಿಕ್ಕಿಸಿಕೊಂಡು ಅಪ್ಪನ ಹಿಂದೆ ಕುಳಿತಳು. ಅವಳು ಗಂಡನ ಹಿಂದೆ ಗಾಡಿ ಹತ್ತಿದ್ದು ಮದುವೆಯಾದ ಹೊಸದರಲ್ಲಿ ಒಂದೋ ಎರಡೋ ಸಲವಂತೆ. ಕಿಣಿ ಕಿಣಿ ಕೇಳಿದರೆ ಅವಳು ಅವನ ಬೆನ್ನಿಗೆ ಬೆರಳಿನಿಂದ ಬಡಿಯಬೇಕು ಎಂದು ಮಾತಾಗಿತ್ತು.

ಮೊದಲ ಜೋಡಿ ಹಾಕಿಕೊಂಡು ಹೋದರು. ನನ್ನ ಮುಂದೆ ದಾಟುವಾಗಲೇ ಅವ್ವ ಬಾಗಿಲು ತಟ್ಟಿದಂತೆ ಅಪ್ಪನ ಬೆನ್ನು ತಟ್ಟುತ್ತಿದ್ದಳು. ಅಪ್ಪ ಕೂಡಲೇ ಎಕ್ಸಲೇಟರ್ ಬಿಟ್ಟ. ಪ್ಲಗ್ಗು ಬೆಳ್ಳಗಿತ್ತು. ಎಲ್ಲಕ್ಕಿಂತ ದೊಡ್ಡ ಜೋಡಿ ಹಾಕಿದರೆ ಗಾಡಿ ಗೊಗ್ಗರಿಸಿ ಓಡಲೇ ಇಲ್ಲ. ಪ್ಲಗ್ಗು ಹಂಚಿನ ಮಸಿಯಂತೆ ಕಪ್ಪು. ಬಸ್ಸೊಂದು ಹೋಯಿತು, ಕಿಟಕಿಯಲ್ಲಿದ್ದವರೆಲ್ಲ ಅವ್ವನನ್ನೇ ನೋಡಿದರು. ಅವಳು ಮುಖ ತಿರುಗಿಸಲಿಲ್ಲ, ಬಿಸಿ ಪ್ಲಗ್ಗನ್ನು ಸೆರಗಿನಲ್ಲಿ ಹಿಡಿದು ನೋಡುತ್ತಿದ್ದಳು. ನಡುವಿನ ಒಂದು ಜೋಡಿ ಹಾಕಿದ ಮೇಲೆ ಅಪ್ಪ ಕಾರ್ಬೊರೇಟರಿನೊಳಗಿನ ಸೂಜಿಯ ಕ್ಲಿಪ್ಪನ್ನು ಒಂದು ಗೀರು ಕೆಳಗಿಳಿಸಿದ, ಸೂಜಿ ಅಷ್ಟು ಮೇಲೆದ್ದು ಪೆಟ್ರೋಲಿಗೆ ದಾರಿ ಆಗಲೆಂದು. ಮತ್ತೆ ಹೋದರು. ಈ ಸಲ ಗಾಡಿ ದೂರದಿಂದಲೇ ಬೇರೆ ದನಿಯಲ್ಲಿ ಬಂತು, ಗಟ್ಟಿಯಾದ ಬಟ್ಟೆಯನ್ನು ಉದ್ದಕ್ಕೆ ಹರಿದಂತೆ. ನಾನು ಅವ್ವನ ಬೆರಳನ್ನೇ ನೋಡುತ್ತಿದ್ದೆ. ಅವಳು ಬಡಿಯುತ್ತಿರಲಿಲ್ಲ. ನನ್ನ ಮುಂದೆ ದಾಟುವಾಗ ಅವಳ ಅಂಗೈ ಪೂರ್ತಿ ಬಿಚ್ಚಿ ಅಪ್ಪನ ಬೆನ್ನ ಮೇಲೆ ಸುಮ್ಮನೆ ಇತ್ತು. ಹಾಗೆ ಬೀದಿಯಲ್ಲಿ, ಎಲ್ಲರೂ ಕಾಣುವಂತೆ, ಅವಳು ಅವನನ್ನು ಮುಟ್ಟಿದ್ದನ್ನು ನಾನು ಎಂದೂ ನೋಡಿರಲಿಲ್ಲ. ಎಂಜಿನ್ ಬಂದ್ ಮಾಡಿದ ಮೇಲೂ ಇಬ್ಬರೂ ಸ್ವಲ್ಪ ಹೊತ್ತು ಇಳಿಯಲಿಲ್ಲ. ಪ್ಲಗ್ ಬಿಚ್ಚಿದರೆ ಶೇಂಗಾದ ಸಿಪ್ಪೆಯ ಬಣ್ಣ, ಎರಡೂ.

ಕಿವಿಯ ವಿಷಯ ಹೊರಬಿದ್ದ ಮೇಲೆ ಕೆಲವು ಗಿರಾಕಿಗಳು ಬೇರೆ ಕಡೆ ಹೋದರು. ಹೆಂಡತಿಯ ಕಿವಿಯಿಂದ ಗಾಡಿ ಮಾಡುತ್ತಾನೆ ಎಂದು ನಕ್ಕವರೂ ಇದ್ದರು. ಅಪ್ಪ ಹೌದೆಂದೇ ಹೇಳುತ್ತಿದ್ದ. ಅವ್ವ ಗ್ಯಾರೇಜಿನಲ್ಲಿ ಬಾಗಿಲಿನ ಪಕ್ಕ ಒಂದು ಮಣೆ ಹಾಕಿಕೊಂಡಳು. ಅಲ್ಲೇ ಕುಳಿತು ಅಕ್ಕಿ ಆರಿಸುತ್ತ, ಕಾಯಿಪಲ್ಯ ಹೆಚ್ಚುತ್ತ, ತಲೆ ಎತ್ತದೆ ತೀರ್ಪು ಹೇಳುತ್ತಿದ್ದಳು. ಮುಂದೆ ಅಪ್ಪನಿಗೆ ಕಿವಿಯ ಮಷೀನು ಬಂತು. ಅದು ಎಲ್ಲವನ್ನೂ ಒಂದೇ ಸಮ ಕೂಗಿ ಹೇಳುತ್ತದೆ, ನಿಮ್ಮವ್ವನಂತೆ ಬೇಕಾದದ್ದನ್ನಷ್ಟೇ ಹೇಳುವುದಿಲ್ಲ ಎಂದು ಅದನ್ನು ಜೇಬಿನಲ್ಲಿಟ್ಟುಕೊಳ್ಳುತ್ತಿದ್ದ.

ಮಾಸ್ತರು ಗಾಡಿ ಒಯ್ಯಲು ಬಂದದ್ದು ಶರಣಮ್ಮನವರ ಪ್ಲಾಸ್ಟರ್ ಬಿಚ್ಚಿದ ಮೇಲೆ. ಸೈಲೆನ್ಸರುಗಳು ಹೈದರಾಬಾದಿನವೇ, ತಗಡು ಒರೆಸಿ ಹೊಳೆಯುವಂತೆ ಮಾಡಿದ್ದೆವು. ಕಿಕ್ ಹೊಡೆದ ಕೂಡಲೇ ಗಾಡಿ ಚಾಲೂ ಆಯಿತು. ಆದರೆ ಶರಣಮ್ಮ ಹತ್ತಲಿಲ್ಲ. ಸಣ್ಣಗಾಗಿದ್ದ ಬಲಗೈಯನ್ನು ಎಡಗೈಯಿಂದ ಹಿಡಿದುಕೊಂಡು ಹಿಂದಿನ ಗಾಲಿಯನ್ನೇ ನೋಡುತ್ತ ನಿಂತರು. ಮಾಸ್ತರು ಅವಸರ ಮಾಡಲಿಲ್ಲ. ಬಸ್ಸಿಗೆ ಬರ್ತೀಯೇನು, ನಾ ಹಿಂದಿಂದ ಬರ್ತೀನಿ ಎಂದೂ ಕೇಳಿದರು. ಶರಣಮ್ಮ ಅವ್ವನ ಕಡೆ ತಿರುಗಿದರು.

"ನೀವು ಕೂತು ಕೇಳೀರೇನ್ರೀ ಶಾಂತವ್ವ?"

"ಕೇಳೀನ್ರೀ. ಏರಿನ್ಯಾಗೂ ಕೇಳೀನಿ, ಇಳಿಜಾರಿನ್ಯಾಗೂ ಕೇಳೀನಿ. ಏನೂ ಇಲ್ಲ. ಹತ್ರಿ."

ಶರಣಮ್ಮ ಹತ್ತಿದರು. ಏನಾರ ಅಂದ್ರ ಹೇಳ್ತೀನಿ, ಅವಾಗ ನಿಂದರಸ್ಬೇಕು ಎಂದು ಗಂಡನಿಗೆ ತಾಕೀತು ಮಾಡಿದರು. ಮಾಸ್ತರು ಶಾಲೆಯ ಹುಡುಗನಂತೆ ಹೂಂ ಎಂದರು. ಗಾಡಿ ಏರು ಹತ್ತಿ, ತಿರುವಿನಲ್ಲಿ ಮರೆಯಾಗಿ, ಸಿರವಾರದ ದಾರಿ ಹಿಡಿಯಿತು. ನಾವು ಮೂವರೂ ಬಾಗಿಲ ಮುಂದೆ ನಿಂತಿದ್ದೆವು. ಕಣ್ಣಿಗೆ ಗಾಡಿ ಕಾಣುತ್ತಿರಲಿಲ್ಲ. ಅಪ್ಪ ರಸ್ತೆ ನೋಡುವುದು ಬಿಟ್ಟು ಅವ್ವನ ಮುಖ ನೋಡತೊಡಗಿದ.

"ಗಾಡಿ ಸಪ್ಪಳ ಇನ್ನೂ ಅದ ಏನು?"

"ಅದ. ಗೇರ್ ಹಾಕಿದ್ರು."

"ಈಗ?"

"ಅದ. ಸಮ ಹೊಂಟದ."

ಅಪ್ಪ ಕೈಯಲ್ಲಿನ ಅರಿವೆಯನ್ನು ಮಡಿಚುತ್ತಿದ್ದ, ಬಿಚ್ಚುತ್ತಿದ್ದ. ಅವ್ವ ಒಂದು ಕೈ ಎತ್ತಿ ನಮ್ಮನ್ನು ಸುಮ್ಮನಿರಿಸಿ, ಬಹಳ ಹೊತ್ತು ಹಾಗೇ ನಿಂತಳು. ನನಗೆ ಆಗಲೇ ಕೇಳುವುದು ನಿಂತಿತ್ತು. ಕೊನೆಗೆ ಅವಳು ಕೈ ಇಳಿಸಿ, ಅಪ್ಪನ ಎದುರಿಗೆ ಬಂದು, ತುಟಿ ಕಾಣುವಂತೆ ನಿಂತು ಹೇಳಿದಳು:

"ದೂರ ಹೋದ್ರು. ಚಂದ ಹೋದ್ರು."